ಪಬ್ಬು-ಕ್ಲಬ್ಬುಗಳ ಬೀದಿಯಲ್ಲಿ ಕಡಿಮೆ ದುಡ್ಡಿಗೆ ರೂಮು ಹಿಡಿಯುವುದು ಹೇಗೆ, ನಿದ್ದೆಯನ್ನೂ ಉಳಿಸಿಕೊಳ್ಳುವುದು ಹೇಗೆ

ದೊಡ್ಡ ನಗರಗಳಲ್ಲಿ ರಾತ್ರಿ ಹನ್ನೆರಡಾದರೂ ಮಲಗದ ಒಂದು ಏರಿಯಾ ಇದ್ದೇ ಇರುತ್ತದೆ. ಹ್ಯಾಂಬರ್ಗ್‌ನಲ್ಲಿ ರೀಪರ್‌ಬಾನ್, ಬ್ಯಾಂಕಾಕ್‌ನಲ್ಲಿ ಖಾವೊ ಸಾನ್ ರಸ್ತೆ, ಟೋಕಿಯೊದಲ್ಲಿ ಕಬುಕಿಚೊ, ನ್ಯೂ ಆರ್ಲಿಯನ್ಸ್‌ನಲ್ಲಿ ಬೋರ್ಬನ್ ಸ್ಟ್ರೀಟ್. ಪಬ್ಬು, ಕ್ಲಬ್ಬು, ಹಾಡು, ಬಣ್ಣದ ದೀಪ, ಬೀದಿ ತುಂಬ ಜನ. ಇಂಥ ಕಡೆ ಸಣ್ಣ ಹೋಟೆಲುಗಳೂ ಒತ್ತೊತ್ತಾಗಿ ಇರುತ್ತವೆ. ಹುಡುಕಿದರೆ ಕೈಗೆಟುಕುವ ದರದ ರೂಮು ಸಿಗುತ್ತದೆ. ಸುತ್ತಾಡಿ ನಡೆದೇ ವಾಪಸ್ ಬರಬಹುದು, ಟ್ಯಾಕ್ಸಿ ಖರ್ಚಿಲ್ಲ. ಒಬ್ಬರೇ ಹೋದವರಿಗೆ ತಡರಾತ್ರಿಯಲ್ಲೂ ಬೀದಿಯಲ್ಲಿ ಜನ ಇರುವುದೇ ಒಂದು ಧೈರ್ಯ.

ತೊಂದರೆ ಬರುವುದು ನಿದ್ದೆಗೆ. ಒಂದೇ ಹೋಟೆಲು, ಒಂದೇ ದರ, ಒಂದೇ ರಾತ್ರಿ ಅಂತಿಟ್ಟುಕೊಳ್ಳಿ. ಬೀದಿ ಕಡೆಯ ಮೊದಲ ಮಹಡಿಯವರು ಮೂರು ಗಂಟೆಯಾದರೂ ಕಣ್ಣು ಮುಚ್ಚಿರುವುದಿಲ್ಲ. ಹಿಂಭಾಗದ ನಾಲ್ಕನೇ ಮಹಡಿಯವರು ಚೆನ್ನಾಗಿ ಮಲಗಿ ಎದ್ದಿರುತ್ತಾರೆ. ಅದಕ್ಕೇ ನಾನು ಹೇಳುವುದು ಇಷ್ಟು: ಹೋಟೆಲ್ ಹುಡುಕಲು ಅರ್ಧ ಗಂಟೆ ಕೊಡುತ್ತೀರಾದರೆ, ಆ ಹೋಟೆಲಿನೊಳಗೆ ಯಾವ ರೂಮು ಅನ್ನುವುದಕ್ಕೆ ಇನ್ನರ್ಧ ಗಂಟೆ ಕೊಡಿ. ಕಡಿಮೆ ಬಜೆಟ್ಟಿನವರಿಗೆ ಇದರಷ್ಟು ಲಾಭದ ಕೆಲಸ ಇನ್ನೊಂದಿಲ್ಲ, ಯಾಕೆಂದರೆ ಒಳ್ಳೆಯ ರೂಮು ಕೇಳಲು ಬಹಳಷ್ಟು ಕಡೆ ಜಾಸ್ತಿ ದುಡ್ಡು ಬೇಕಾಗುವುದಿಲ್ಲ. ಕೇಳಬೇಕು ಅಷ್ಟೆ.

ಮೊದಲು ವಾರ ನೋಡಿ

ತಾರೀಕಿಗಿಂತ ವಾರ ಮುಖ್ಯ. ಶುಕ್ರವಾರ ಮತ್ತು ಶನಿವಾರದ ರಾತ್ರಿ ಇಂಥ ಏರಿಯಾಗಳಲ್ಲಿ ಗದ್ದಲವೂ ಜಾಸ್ತಿ, ದರವೂ ಜಾಸ್ತಿ. ಕೆಲವು ದೇಶಗಳಲ್ಲಿ ವಾರದ ರಜೆಯೇ ಶುಕ್ರವಾರ-ಶನಿವಾರ. ಅಲ್ಲಿ ಗುರುವಾರ ರಾತ್ರಿಯೇ ಬೀದಿ ತುಂಬಿಬಿಡುತ್ತದೆ. ಭಾನುವಾರದ ರಾತ್ರಿ ಎಷ್ಟೋ ನಗರಗಳಲ್ಲಿ ರೂಮುಗಳ ದರ ಇಳಿಯುತ್ತದೆ. ನಿಮ್ಮ ತಾರೀಕು ಅತ್ತಿತ್ತ ಮಾಡಬಹುದಾದರೆ, ಒಂದು ದಿನ ಸರಿಸಿ ದರ ನೋಡಿ.

ನಾಲ್ಕೈದು ದಿನದ ಪ್ರವಾಸವಾದರೆ ಎಲ್ಲಾ ರಾತ್ರಿಯೂ ಅದೇ ಬೀದಿಯಲ್ಲಿ ಇರಬೇಕಾಗಿಲ್ಲ. ಹಾಡು, ಕುಣಿತ ನೋಡಬೇಕಾದ ಒಂದೆರಡು ರಾತ್ರಿ ಅಲ್ಲಿ, ಉಳಿದದ್ದು ಮೆಟ್ರೋದಲ್ಲಿ ಎರಡು-ಮೂರು ಸ್ಟೇಷನ್ ಆಚೆ. ಮರುದಿನ ಬೆಳಿಗ್ಗೆ ಆರಕ್ಕೆ ವಿಮಾನವಿದ್ದರಂತೂ ಕೊನೆಯ ರಾತ್ರಿ ಅಲ್ಲಿ ಬೇಡವೇ ಬೇಡ. ಬೀದಿ ಅದೇ ಹೊತ್ತಿಗೆ ಮನೆಗೆ ಹೊರಟಿರುತ್ತದೆ. ನಿದ್ದೆಯೂ ಇರುವುದಿಲ್ಲ, ಟ್ಯಾಕ್ಸಿಯೂ ಸುಲಭವಾಗಿ ಸಿಗುವುದಿಲ್ಲ.

ಮ್ಯಾಪಿನಲ್ಲಿ ರಾತ್ರಿಯನ್ನು ಹುಡುಕಿ

ಹೋಟೆಲಿನ ಹೆಸರು ಹಾಕಿ ಮ್ಯಾಪ್ ತೆರೆಯಿರಿ. ನಂತರ ಅದರ ಸುತ್ತ ಬಾರ್, ಕ್ಲಬ್, ಲೈವ್ ಮ್ಯೂಸಿಕ್ ಅಂತ ಹುಡುಕಿ. ಯಾವುದು ಎಷ್ಟು ಹತ್ತಿರ, ಯಾವುದು ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಅನ್ನುವುದು ಅಲ್ಲೇ ಸಿಗುತ್ತದೆ. ಹನ್ನೊಂದಕ್ಕೆ ಮುಚ್ಚುವ ಬಾರ್ ಪಕ್ಕದಲ್ಲಿದ್ದರೆ ಚಿಂತೆಯಿಲ್ಲ. ಬೆಳಗಿನ ಜಾವ ನಾಲ್ಕರವರೆಗೆ ಇರುವ ಕ್ಲಬ್ ಎದುರಿಗಿದ್ದರೆ ಮುಂದಿನ ಹೋಟೆಲು ನೋಡಿ. ಬೀದಿಯ ಫೋಟೋಗಳನ್ನೂ ತೆರೆದು ನೋಡಿ. ಅವು ಬಹುಪಾಲು ಹಗಲು ತೆಗೆದವು. ಹಗಲಲ್ಲಿ ಸಾಲಾಗಿ ಶಟರ್ ಮುಚ್ಚಿದ ಅಂಗಡಿಗಳು, ಮೇಲೆ ದೊಡ್ಡ ದೊಡ್ಡ ದೀಪದ ಬೋರ್ಡುಗಳು ಕಂಡರೆ ಅವು ರಾತ್ರಿ ತೆರೆಯುವವು ಅಂತಲೇ ತಿಳಿಯಿರಿ.

ಇಲ್ಲಿ ಸದ್ದಿನ ಲೆಕ್ಕ ಸ್ವಲ್ಪ ತಿಳಿದಿದ್ದರೆ ಅನುಕೂಲ. ಮಲಗುವ ಕೋಣೆಯೊಳಗೆ ಒಂದೇ ಸಮನೆ ಇರುವ ಸದ್ದು 30 ಡೆಸಿಬೆಲ್ ಮೀರಬಾರದು, ಆಗೊಮ್ಮೆ ಈಗೊಮ್ಮೆ ಬರುವ ಸದ್ದು 45 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದೆ. ಪಕ್ಕದಲ್ಲಿ ಕೂತು ಮಾತಾಡುವುದೇ ಸುಮಾರು 60 ಡೆಸಿಬೆಲ್. ಡೆಸಿಬೆಲ್ಲಿನಲ್ಲಿ 10 ಹೆಚ್ಚಾದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟು ಅನ್ನಿಸುತ್ತದೆ. ಹಾಗೆಯೇ 10 ಇಳಿದರೆ ಅರ್ಧ. ಹಾಗಾಗಿ ಒಂದು ಗಟ್ಟಿ ಕಿಟಕಿ, ಬೀದಿಯ ಒಂದು ತಿರುವು, ಒಂದು ಜೊತೆ ಇಯರ್‌ಪ್ಲಗ್ ಸೇರಿದರೆ ಆಗುವ ವ್ಯತ್ಯಾಸ ದೊಡ್ಡದು.

ತೆರೆದ ಬಯಲಿನಲ್ಲಿ ಒಂದು ಸ್ಪೀಕರಿನಿಂದ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎರಡೂ ಕಡೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟು ಬೀದಿಯಲ್ಲಿ ಅಷ್ಟು ಇಳಿಯುವುದಿಲ್ಲ. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮುಂದಕ್ಕೆ ಹೋಗುತ್ತದೆ. ಅದಕ್ಕೆ ಅದೇ ಬೀದಿಯಲ್ಲಿ ನೇರವಾಗಿ ನೂರು ಮೀಟರ್ ದೂರ ಇರುವ ಹೋಟೆಲಿಗಿಂತ, ಮೂಲೆ ತಿರುಗಿದ ಕೂಡಲೇ ಅಡ್ಡಬೀದಿಯಲ್ಲಿ ಸಿಗುವ ಹೋಟೆಲು ಒಳ್ಳೆಯದು. ನಡುವೆ ಒಂದು ಕಟ್ಟಡ ಅಡ್ಡ ನಿಂತರೆ ಸಾಕು, ಎಷ್ಟೋ ವಾಸಿ.

ಬಾಸ್ ಸದ್ದಿನ ವಿಷಯ ಬೇರೆ. ಡಬ್ ಡಬ್ ಅಂತ ಎದೆಗೇ ಬಡಿಯುತ್ತದಲ್ಲ, ಅದು. 50 ಹರ್ಟ್ಸ್ ಬಾಸಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಇಂಥ ಉದ್ದದ ಅಲೆಯನ್ನು ಮಾಮೂಲಿ ಗೋಡೆ, ಗಾಜು ಸರಿಯಾಗಿ ತಡೆಯಲಾರವು. ಕಟ್ಟಡ ಒಂದೇ ಆಗಿದ್ದರೆ ಕಂಬ, ನೆಲದ ಮೂಲಕವೇ ಮೇಲೆ ಬರುತ್ತದೆ. ಇಯರ್‌ಪ್ಲಗ್ ಜನರ ಮಾತು, ಕೂಗಾಟ ತಡೆದಷ್ಟು ಚೆನ್ನಾಗಿ ಬಾಸ್ ತಡೆಯುವುದಿಲ್ಲ. ಹಾಗಾಗಿ ಕೆಳಗೆ ಕ್ಲಬ್ ಇರುವ, ಇಲ್ಲವೇ ಕ್ಲಬ್ಬಿಗೆ ಗೋಡೆ ಅಂಟಿಕೊಂಡಿರುವ ಹೋಟೆಲನ್ನು ದರ ಎಷ್ಟೇ ಕಡಿಮೆ ಇದ್ದರೂ ಬಿಟ್ಟುಬಿಡಿ. ಬೀದಿಯ ಗಲಾಟೆಗೆ ಉಪಾಯ ಇದೆ. ಗೋಡೆಯೊಳಗಿಂದ ಬರುವ ಬಾಸಿಗೆ ಇಲ್ಲ.

ಮಾಳಿಗೆಯ ಮೇಲೆ ಬಾರ್ ಇದೆಯಾ ನೋಡಿ. ಆ ಹೋಟೆಲಿನದ್ದೇ ಆಗಿರಬಹುದು, ಎದುರಿನ ಕಟ್ಟಡದ್ದೂ ಆಗಿರಬಹುದು. ಇದ್ದರೆ, ಮೇಲಿನ ಮಹಡಿಯಲ್ಲಿ ಸದ್ದಿರಲ್ಲ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಉಳಿದು ಹೋದವರ ಮಾತು ಓದಿ

ವಿಮರ್ಶೆಗಳಲ್ಲಿ ಒಟ್ಟು ಅಂಕ ನೋಡಿ ನಿರ್ಧಾರ ಮಾಡಬೇಡಿ. ಸದ್ದು, ಮ್ಯೂಸಿಕ್, ಕಿಟಕಿ, ವಾಸನೆ, ತಿಗಣೆ, ಬಿಸಿನೀರು ಎಂಬ ಪದ ಹಾಕಿ ಹುಡುಕಿ. ಹೊಸದರಿಂದ ಹಳೆಯದಕ್ಕೆ ಓದುತ್ತಾ ಹೋಗಿ. ಎರಡು ವರ್ಷದ ಹಿಂದಿನ ಹೊಗಳಿಕೆಗೂ ಈಗಿನ ಹೋಟೆಲಿಗೂ ಸಂಬಂಧ ಇಲ್ಲದಿರಬಹುದು. ಮಾಲೀಕರು ಬದಲಾಗಿರುತ್ತಾರೆ, ಪಕ್ಕದಲ್ಲಿ ಹೊಸ ಕ್ಲಬ್ ಬಂದಿರುತ್ತದೆ. ಬರೆದವರು ಯಾವ ವಾರ ಇದ್ದರು ಅನ್ನುವುದೂ ಮುಖ್ಯ. ಮಂಗಳವಾರ ಮಲಗಿದವರು ತುಂಬಾ ಶಾಂತ ಅಂತ ಬರೆದಿದ್ದರೆ ಶನಿವಾರ ಹೋಗುವ ನಿಮಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಹೋಟೆಲಿನವರು ಕೊಡುವ ಉತ್ತರಗಳನ್ನೂ ಓದಿ. "ಕೇಳಿದವರಿಗೆ ಇಯರ್‌ಪ್ಲಗ್ ಕೊಡುತ್ತೇವೆ" ಎಂದಿದ್ದರೆ ಸದ್ದಿದೆ ಅಂತ ಅವರೇ ಒಪ್ಪಿಕೊಂಡ ಹಾಗೆ. ಅದನ್ನು ಬಚ್ಚಿಡದವರ ಮೇಲೆ ನನಗೆ ನಂಬಿಕೆ ಜಾಸ್ತಿ. ಇನ್ನು ಫೋಟೋ. ಅತಿಥಿಗಳು ಹಾಕಿದ್ದನ್ನೇ ನೋಡಿ. ಒಂದು ಫೋಟೋದಲ್ಲೂ ಕಿಟಕಿ ಕಾಣದಿದ್ದರೆ ರೂಮಿಗೆ ಕಿಟಕಿಯೇ ಇಲ್ಲದಿರಬಹುದು, ಕೇಳಿ ಖಚಿತ ಮಾಡಿಕೊಳ್ಳಿ.

ದರ, ತಾರೀಕು, ಸಣ್ಣ ಅಕ್ಷರ

ಪಟ್ಟಿಯಲ್ಲಿ ಕಾಣುವ ದರ ಬಿಡಿ, ಹಣ ಕಟ್ಟುವ ಪುಟದವರೆಗೆ ಹೋಗಿ ಕೊನೆಯ ಮೊತ್ತ ನೋಡಿ. ತೆರಿಗೆ, ಸೇವಾ ಶುಲ್ಕ ಅಲ್ಲಿ ಸೇರಿಕೊಳ್ಳುತ್ತವೆ. ಅನೇಕ ನಗರಗಳು ಪ್ರವಾಸಿ ತೆರಿಗೆಯನ್ನು ಬೇರೆಯಾಗಿ ತೆಗೆದುಕೊಳ್ಳುತ್ತವೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 2024ರಿಂದ ಅದು ರೂಮಿನ ದರದ 12.5 ಶೇಕಡಾ. ಕೆಲವು ಕಡೆ ಇದನ್ನು ರಿಸೆಪ್ಷನ್ನಿನಲ್ಲೇ ಕೇಳುತ್ತಾರೆ. ಎರಡು ಹೋಟೆಲುಗಳನ್ನು ಹೋಲಿಸುವಾಗ ಎಲ್ಲಾ ಸೇರಿದ ಮೊತ್ತವನ್ನೇ ಹೋಲಿಸಿ.

ರದ್ದು ಮಾಡಿದರೆ ಹಣ ವಾಪಸ್ ಬರುವ ದರ ಸ್ವಲ್ಪ ಜಾಸ್ತಿ ಇದ್ದರೂ, ಈ ಥರದ ಏರಿಯಾದಲ್ಲಿ ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಆಮೇಲೆ ಏನಾದರೂ ಗೊತ್ತಾದರೆ ಬಿಡುವ ದಾರಿ ಇರುತ್ತದೆ.

ಮಧ್ಯರಾತ್ರಿ ದಾಟಿ ತಲುಪುವವರು ತಾರೀಕಿನ ವಿಷಯದಲ್ಲಿ ಎಚ್ಚರ. ಶನಿವಾರ ಬೆಳಗಿನ ಜಾವ ಒಂದು ಗಂಟೆಗೆ ತಲುಪಿ ಆಗಲೇ ಮಲಗಬೇಕು ಅಂದರೆ ಬುಕ್ ಮಾಡಬೇಕಾದದ್ದು ಶುಕ್ರವಾರದ ರಾತ್ರಿ. ಶನಿವಾರ ಅಂತ ಬುಕ್ ಮಾಡಿದರೆ ರೂಮು ಸಿಗುವುದು ಶನಿವಾರ ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ತಡವಾಗಿ ಬರುತ್ತೇನೆ ಎಂದು ಮೊದಲೇ ತಿಳಿಸಿ, ಇಲ್ಲದಿದ್ದರೆ ಬರಲಿಲ್ಲ ಎಂದುಕೊಂಡು ರೂಮನ್ನು ಬೇರೆಯವರಿಗೆ ಕೊಟ್ಟುಬಿಡಬಹುದು.

ರಿಸೆಪ್ಷನ್ 24 ಗಂಟೆ ಇರುತ್ತದಾ ಅಂತ ನೋಡಿ. ಹಣ ಉಳಿಸಲು ಸಣ್ಣ ಹೋಟೆಲುಗಳು ರಾತ್ರಿ ಆ ಜಾಗ ಖಾಲಿ ಬಿಟ್ಟು, ಬಾಗಿಲಿಗೆ ಕೋಡ್ ಕೊಟ್ಟುಬಿಡುತ್ತವೆ. ಶಾಂತ ಬಡಾವಣೆಯಲ್ಲಾದರೆ ಅದು ಪರವಾಗಿಲ್ಲ. ಪಬ್ಬುಗಳ ಬೀದಿಯಲ್ಲಿ ರಾತ್ರಿ ಎರಡಕ್ಕೆ ಕೆಳಗೆ ಒಬ್ಬ ಮನುಷ್ಯ ಎಚ್ಚರ ಇರಬೇಕು. ಅದಕ್ಕಾಗಿ ಸ್ವಲ್ಪ ಜಾಸ್ತಿ ಕೊಟ್ಟರೂ ಸರಿ. ವಿಶೇಷವಾಗಿ ಒಬ್ಬರೇ ಹೋಗುವ ಹೆಣ್ಣುಮಕ್ಕಳು ಇದನ್ನು ಬಿಡಬೇಡಿ.

ರೂಮು ಕೇಳಿ ಪಡೆಯಿರಿ

ಬುಕ್ ಆದ ಕೂಡಲೇ ಹೋಟೆಲಿಗೆ ಒಂದು ಸಂದೇಶ ಕಳಿಸಿ. ಉದ್ದ ಬೇಡ. ಹೀಗಿದ್ದರೆ ಸಾಕು: "ನಮಸ್ಕಾರ, ಇಂಥ ತಾರೀಕಿಗೆ ನನ್ನ ಬುಕಿಂಗ್ ಇದೆ. ನನಗೆ ಸದ್ದಿದ್ದರೆ ನಿದ್ದೆ ಬರುವುದಿಲ್ಲ. ದಯವಿಟ್ಟು ಬೀದಿ ಕಡೆ ಇಲ್ಲದ, ಲಿಫ್ಟಿನಿಂದ ದೂರ ಇರುವ ರೂಮು ಕೊಡಿ. ರೂಮು ಚಿಕ್ಕದಿದ್ದರೂ, ಹೊರಗಿನ ನೋಟ ಇಲ್ಲದಿದ್ದರೂ ಪರವಾಗಿಲ್ಲ." ಕೊನೆಯ ಸಾಲು ತುಂಬಾ ಕೆಲಸ ಮಾಡುತ್ತದೆ. ಬೀದಿ ಕಾಣುವ ರೂಮನ್ನೇ ಎಲ್ಲರೂ ಕೇಳುತ್ತಾರೆ. ನೀವು ಬೇರೆಯವರಿಗೆ ಬೇಡವಾದದ್ದನ್ನು ಕೇಳುತ್ತಿದ್ದೀರಿ, ಅವರಿಗೂ ಕೊಡುವುದು ಸುಲಭ.

ತಲುಪುವ ದಿನ ಬೆಳಿಗ್ಗೆ ಒಂದು ಫೋನ್ ಮಾಡಿ. ಯಾರಿಗೆ ಯಾವ ರೂಮು ಅಂತ ಎಷ್ಟೋ ಕಡೆ ಅವತ್ತೇ ಹಂಚುತ್ತಾರೆ. ಫೋನಿನಲ್ಲಿ ಸಮಾಧಾನವಾಗಿ ಮಾತಾಡಿ. ರಿಸೆಪ್ಷನ್ನಿನಲ್ಲಿ ಕೂತವರಿಗೆ ಆ ಕಟ್ಟಡದ ಪ್ರತಿ ರೂಮಿನ ಕಷ್ಟಸುಖ ಗೊತ್ತಿರುತ್ತದೆ. "ನಿಮ್ಮ ಮನೆಯವರು ಬಂದರೆ ಯಾವ ರೂಮು ಕೊಡುತ್ತೀರಿ?" ಅಂತ ಕೇಳಿ ನೋಡಿ. ಬಹಳ ಜನ ನಿಜವನ್ನೇ ಹೇಳುತ್ತಾರೆ.

ಹಿಂಭಾಗದ ರೂಮು ಅಂದರೂ ಒಂದು ವಿಷಯ ಕೇಳಿಕೊಳ್ಳಿ. ಹಿಂದುಗಡೆ ಏನಿದೆ? ಬಾರುಗಳ ಹಿಂಬಾಗಿಲು, ಖಾಲಿ ಬಾಟಲಿ ಸುರಿಯುವ ಡಬ್ಬ, ಅಡುಗೆಮನೆಯ ದೊಡ್ಡ ಫ್ಯಾನು ಅಲ್ಲಿದ್ದರೆ ಹಾಡು ನಿಂತ ಮೇಲೆ ಅವುಗಳ ಸರದಿ. ಕಸದ ಲಾರಿಗೆ ಗಾಜಿನ ಬಾಟಲಿ ಸುರಿಯುವ ಸದ್ದು ಎಂಥ ನಿದ್ದೆಯನ್ನೂ ಕೆಡಿಸುತ್ತದೆ, ಅದೂ ಬೆಳಗಿನ ಜಾವದಲ್ಲಿ.

ಲಿಫ್ಟು, ಮೆಟ್ಟಿಲು, ಐಸ್ ಮಷೀನು, ಬೆಡ್‌ಶೀಟ್ ಇಡುವ ಸ್ಟೋರ್ ರೂಮು, ಇವುಗಳ ಪಕ್ಕ ಬೇಡ. ಎರಡು ರೂಮಿನ ನಡುವೆ ಒಳಬಾಗಿಲು ಇರುವಂಥದ್ದೂ ಬೇಡ. ಪಕ್ಕದವರ ಪಿಸುಮಾತೂ ಅದರಲ್ಲಿ ಬರುತ್ತದೆ. ಕಿಟಕಿ ಇಲ್ಲದ ರೂಮು ಅಗ್ಗ, ಸದ್ದೂ ಕಡಿಮೆ. ಆದರೆ ಗಾಳಿ ಬೆಳಕಿಲ್ಲ, ಬೆಂಕಿ ಬಿದ್ದರೆ ಬಾಗಿಲೊಂದೇ ದಾರಿ. ನಾನಾದರೆ ತೆಗೆದುಕೊಳ್ಳುವುದಿಲ್ಲ.

ಮಹಡಿ ಯಾವುದು? ಮೇಲೆ ಹೋದಷ್ಟೂ ಬೀದಿಯ ಮಾತು ಕಡಿಮೆ ಕೇಳುತ್ತದೆ. ಆದರೆ ಅಗ್ನಿಶಾಮಕದವರ ಏಣಿಗೆ ಒಂದು ಮಿತಿ ಇದೆ. ತೀರಾ ಕೆಳಗಿದ್ದರೆ ಕಳ್ಳರಿಗೆ ಕಿಟಕಿ ಸುಲಭ. ಎರಡನ್ನೂ ತೂಗಿದರೆ ಮೂರರಿಂದ ಆರನೇ ಮಹಡಿ ಒಳ್ಳೆಯದು.

ರೂಮಿಗೆ ಕಾಲಿಟ್ಟ ಮೊದಲ ಹತ್ತು ನಿಮಿಷ

ಆದಷ್ಟು ಬೆಳಕಿರುವಾಗಲೇ ತಲುಪಿ. ರಿಸೆಪ್ಷನ್ನಿನವರು ರೂಮ್ ನಂಬರನ್ನು ಎಲ್ಲರಿಗೂ ಕೇಳುವಂತೆ ಹೇಳಿದರೆ, ಬೇರೆ ರೂಮು ಕೊಡಿ, ನಂಬರನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ. ಇದು ಅತಿಯಾಯಿತು ಅಂತ ಅನ್ನಿಸಬಹುದು. ಆದರೆ ಕುಡಿದವರು, ಅಪರಿಚಿತರು ಒಳಗೆ ಹೊರಗೆ ಓಡಾಡುವ ಲಾಬಿಯಲ್ಲಿ ನೀವು ನಿಂತಿದ್ದೀರಿ ಅನ್ನುವುದು ನೆನಪಿರಲಿ.

ಒಳಗೆ ಹೋದ ಕೂಡಲೇ ಬ್ಯಾಗನ್ನು ಹಾಸಿಗೆ ಮೇಲೆ ಹಾಕಬೇಡಿ. ಬಾತ್‌ರೂಮಿನಲ್ಲಿ, ಟೈಲ್ಸ್ ಮೇಲಿಡಿ. ಮೊದಲು ತಿಗಣೆ ಹುಡುಕಬೇಕು. ದಿನಕ್ಕೊಬ್ಬರು ಬಂದುಹೋಗುವ ಜಾಗದಲ್ಲಿ, ಹೋಟೆಲು ಎಷ್ಟೇ ಸ್ವಚ್ಛವಾಗಿದ್ದರೂ, ಯಾರದೋ ಬ್ಯಾಗಿನಲ್ಲಿ ತಿಗಣೆ ಬರಬಹುದು. ಬೆಡ್‌ಶೀಟ್ ಮೂಲೆ ಎತ್ತಿ ಹಾಸಿಗೆಯ ಹೊಲಿಗೆ ಉದ್ದಕ್ಕೂ ಫೋನಿನ ಟಾರ್ಚ್ ಹಾಯಿಸಿ. ಬೆಳೆದ ತಿಗಣೆ 5ರಿಂದ 7 ಮಿಲಿಮೀಟರ್ ಇರುತ್ತದೆ, ಕಂದು ಬಣ್ಣ, ಕಣ್ಣಿಗೆ ಕಾಣುತ್ತದೆ. ಮಸಿ ಚುಕ್ಕಿಯಂಥ ಕಲೆ, ಒಣಗಿದ ರಕ್ತದ ಗುರುತು ಕಂಡರೂ ಅನುಮಾನ ಪಡಿ. ಮಂಚದ ತಲೆಭಾಗದ ಹಲಗೆಯ ಹಿಂದೆಯೂ ನೋಡಿ. ಕಂಡರೆ ರೂಮು ಬದಲಿಸಿ. ಅಕ್ಕಪಕ್ಕ, ಮೇಲೆ ಕೆಳಗೆ ಇರುವ ರೂಮು ಬೇಡ ಅನ್ನಿ, ಗೋಡೆಯ ಸಂದಿನಲ್ಲಿ ಅವು ಹೋಗಿರುತ್ತವೆ.

ನಂತರ ಬಾಗಿಲ ಚಿಲಕ, ಒಳಗಿನ ಬೋಲ್ಟು, ಕಿಟಕಿಯ ಲಾಕು ನೋಡಿ. ಏಸಿ, ಬಿಸಿನೀರು, ರೂಮಿನ ಫೋನು ಕೆಲಸ ಮಾಡುತ್ತವಾ ಪರೀಕ್ಷಿಸಿ. ಎಲ್ಲಾ ಆರಿಸಿ ಒಂದು ನಿಮಿಷ ಸುಮ್ನೆ ನಿಂತು ಕೇಳಿ. ಎಲ್ಲಿಂದಾದರೂ ಗುಂಯ್ ಅಂತ ಮೋಟಾರಿನ ಸದ್ದು ಬರುತ್ತಿದ್ದರೆ ರಾತ್ರಿಯೂ ಬರುತ್ತದೆ. ಸಂಜೆ ನಾಲ್ಕಕ್ಕೆ ಬೀದಿ ಶಾಂತವಾಗಿದೆ ಅಂತ ಸಮಾಧಾನಪಡಬೇಡಿ. ಕಿಟಕಿಯಿಂದ ಇಣುಕಿ, ಎದುರಿಗೆ ಸ್ಪೀಕರ್ ಇದೆಯಾ, ದೀಪದ ಬೋರ್ಡು ನೇರ ಹಾಸಿಗೆಗೆ ಹೊಡೆಯುತ್ತದಾ ನೋಡಿ. ರೂಮು ಬದಲಿಸಿ ಎಂದು ಕೇಳಲು ಇದೇ ಸರಿಯಾದ ಹೊತ್ತು. ಬಟ್ಟೆ ಹರಡಿ, ಸ್ನಾನ ಮುಗಿಸಿದ ಮೇಲೆ ಕೇಳುವುದು ಇಬ್ಬರಿಗೂ ಕಷ್ಟ.

ಇನ್ನೊಂದು ಕೆಲಸವನ್ನು ತಪ್ಪಿಸಲೇಬೇಡಿ. ಬಾಗಿಲ ಹಿಂದೆ ಅಂಟಿಸಿರುವ ನಕ್ಷೆ ನೋಡಿ, ತುರ್ತು ದ್ವಾರದವರೆಗೆ ನಡೆದು ಹೋಗಿ. ನಡುವೆ ಎಷ್ಟು ಬಾಗಿಲು ಬರುತ್ತವೆ ಎಣಿಸಿ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಗೋಡೆ ಹಿಡಿದು ಬಾಗಿಲು ಎಣಿಸಿಕೊಂಡೇ ಹೋಗಬೇಕಾಗುತ್ತದೆ. ದ್ವಾರ ತೆರೆಯುತ್ತದಾ? ಮೆಟ್ಟಿಲ ಮೇಲೆ ಹಳೆಯ ಹಾಸಿಗೆ, ಕುರ್ಚಿ, ಡಬ್ಬ ಪೇರಿಸಿದ್ದಾರಾ? ಕಡಿಮೆ ದರದ ಹೋಟೆಲುಗಳಲ್ಲಿ ಇದು ಅಪರೂಪವಲ್ಲ. ದ್ವಾರಕ್ಕೆ ಬೀಗ ಹಾಕಿದ್ದರೆ, ಕೇಳಿದರೂ ತೆಗೆಯದಿದ್ದರೆ, ಆ ಹೋಟೆಲಿನಲ್ಲಿ ಒಂದು ರಾತ್ರಿಯೂ ಬೇಡ. ಕಟ್ಟಿದ ದುಡ್ಡು ಹೋದರೂ ಹೋಗಲಿ.

ಮಲಗುವಾಗ ರೂಮಿನ ಕೀ ಕೈಗೆ ಸಿಗುವಲ್ಲಿರಲಿ. ಬೆಂಕಿಯ ಅಲಾರಂ ಆದರೆ ಬಾಗಿಲನ್ನು ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ತೆರೆಯಬೇಡಿ, ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ, ಕಿಟಕಿಯಿಂದ ಕೈಬೀಸಿ. ಬಿಸಿ ಇಲ್ಲದಿದ್ದರೆ ಬಗ್ಗಿಕೊಂಡು ಮೆಟ್ಟಿಲ ಕಡೆ ಹೋಗಿ. ಲಿಫ್ಟು ಬೇಡ.

ಹೊರಗೆ ಹೋಗುವಾಗ, ವಾಪಸ್ ಬರುವಾಗ

ಹೋಟೆಲಿನ ಮುಂಭಾಗದ ಒಂದು ಫೋಟೋ ತೆಗೆದುಕೊಳ್ಳಿ. ಹಗಲು ಕಂಡ ಬೀದಿ ರಾತ್ರಿ ಬಣ್ಣದ ದೀಪದಲ್ಲಿ ಗುರುತೇ ಸಿಗುವುದಿಲ್ಲ. ಅಲ್ಲಿನ ಭಾಷೆಯಲ್ಲಿ ವಿಳಾಸ ಇರುವ ಹೋಟೆಲಿನ ಕಾರ್ಡು ಜೇಬಿನಲ್ಲಿರಲಿ, ಫೋನ್ ಆರಿಹೋದರೂ ಟ್ಯಾಕ್ಸಿಯವರಿಗೆ ತೋರಿಸಬಹುದು. ಒಂದು ಬ್ಯಾಂಕ್ ಕಾರ್ಡು, ಬೇಕಾದಷ್ಟೇ ನಗದು ಇಟ್ಟುಕೊಂಡು ಇನ್ನೊಂದು ಕಾರ್ಡನ್ನು ರೂಮಿನಲ್ಲಿ ಭದ್ರವಾಗಿಡಿ.

ಬಾರಿಗೆ ಕರೆದೊಯ್ಯುವ ದಲ್ಲಾಳಿಗಳ ಹಿಂದೆ ಹೋಗಬೇಡಿ. ಕಬುಕಿಚೊದಲ್ಲಂತೂ ಅಂಥವರನ್ನು ನಂಬಬೇಡಿ ಎಂದು ಬೀದಿಯ ಧ್ವನಿವರ್ಧಕದಲ್ಲೇ ಎಚ್ಚರಿಸುತ್ತಾರೆ. ಕೂರುವ ಮೊದಲು ದರಪಟ್ಟಿ ನೋಡಿ, ಕೂತಿದ್ದಕ್ಕೇ ಬೇರೆ ಹಣವಿದೆಯಾ ಕೇಳಿ. ನಿಮ್ಮ ಲೋಟವನ್ನು ಬಿಟ್ಟು ಎದ್ದು ಹೋದರೆ, ವಾಪಸ್ ಬಂದು ಅದನ್ನು ಕುಡಿಯಬೇಡಿ.

ಅದೇ ಏರಿಯಾದಲ್ಲಿ ಉಳಿದಿದ್ದರೆ ಕೊನೆಯ ರೈಲಿನ ಚಿಂತೆ ಇಲ್ಲ, ಅದು ನಿಜವಾದ ಲಾಭ. ನಗರದ ಬೇರೆ ಕಡೆ ಹೋಗಿದ್ದರೆ ಮಾತ್ರ ಮೊದಲೇ ನೋಡಿಕೊಳ್ಳಿ. ಟೋಕಿಯೊದಲ್ಲಿ ಮಧ್ಯರಾತ್ರಿಯ ಆಸುಪಾಸಿನಲ್ಲಿ ರೈಲು ನಿಂತರೆ ಮತ್ತೆ ಶುರುವಾಗುವುದು ಬೆಳಿಗ್ಗೆ ಐದರ ಹೊತ್ತಿಗೆ. ಲಂಡನ್ನಿನಲ್ಲಿ ರಾತ್ರಿಯಿಡೀ ಓಡುವ ಸುರಂಗ ರೈಲು 2016ರಲ್ಲಿ ಶುರುವಾಯಿತು, ಅದೂ ಕೆಲವು ಮಾರ್ಗದಲ್ಲಿ, ಶುಕ್ರವಾರ-ಶನಿವಾರ ರಾತ್ರಿ ಮಾತ್ರ. ನ್ಯೂಯಾರ್ಕಿನಲ್ಲಿ ಎಲ್ಲಾ ದಿನ 24 ಗಂಟೆ ಇದೆ.

ಕ್ಲಬ್ಬುಗಳು ಮುಚ್ಚುವ ಹೊತ್ತು ಬೀದಿಗೆ ಅತಿ ಕೆಟ್ಟ ಹೊತ್ತು. ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ, ಜಗಳ ಆಗುವುದೂ ಆಗಲೇ, ಟ್ಯಾಕ್ಸಿ ದರ ಏರುವುದೂ ಆಗಲೇ. ಅರ್ಧ ಗಂಟೆ ಮೊದಲೇ ಹೊರಟುಬಿಡಿ. ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸಿದರೆ ನೇರ ರೂಮಿಗೆ ಹೋಗದೆ ರಿಸೆಪ್ಷನ್ನಿನಲ್ಲಿ ನಿಂತು ಅಲ್ಲಿನವರಿಗೆ ಹೇಳಿ. ಲಿಫ್ಟಿನಲ್ಲಿ ಜೊತೆಗೆ ಬಂದವರು ಸರಿಯಿಲ್ಲ ಅನ್ನಿಸಿದರೆ ಇಳಿದುಬಿಡಿ, ಮುಂದಿನದರಲ್ಲಿ ಹೋಗಿ. ರಾತ್ರಿ ಯಾರಾದರೂ ಹೋಟೆಲಿನವರು ಅಂತ ಬಾಗಿಲು ತಟ್ಟಿದರೆ ಕೆಳಗೆ ಫೋನ್ ಮಾಡಿ ಕೇಳಿದ ಮೇಲೆ ತೆರೆಯಿರಿ.

ನಿದ್ದೆ

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಹಗುರಾಗಿರುವುದು ನಿಮಗೊಬ್ಬರಿಗೇ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮೆದುಳಿನ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿರುವುದು ಕಂಡುಬಂತು. ಸಣ್ಣ ಸದ್ದಿಗೂ ಎಚ್ಚರವಾಗುವುದು ಅದಕ್ಕೇ. ಎರಡು ರಾತ್ರಿ ಉಳಿಯುವವರು ಗದ್ದಲ ಕಡಿಮೆ ಇರುವ ರಾತ್ರಿಯನ್ನು ಮೊದಲು ಇಟ್ಟುಕೊಂಡರೆ ಒಳ್ಳೆಯದು. ಗುರುವಾರ ಬಂದರೆ ಶುಕ್ರವಾರದ ಹೊತ್ತಿಗೆ ರೂಮು ಒಗ್ಗಿರುತ್ತದೆ.

ಫೋಮಿನ ಇಯರ್‌ಪ್ಲಗ್ ಮನೆಯಿಂದಲೇ ತನ್ನಿ. ಹಾಕುವ ರೀತಿ ಗೊತ್ತಿಲ್ಲದೆ ಇದು ಕೆಲಸ ಮಾಡಲ್ಲ ಅನ್ನುವವರು ಬಹಳ. ಬೆರಳಿನಲ್ಲಿ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗೆ ತಳ್ಳಿ ಇಪ್ಪತ್ತು-ಮೂವತ್ತು ಸೆಕೆಂಡು ಒತ್ತಿ ಹಿಡಿಯಿರಿ, ಅದು ಒಳಗೇ ಅರಳಬೇಕು. ಸರಿಯಾಗಿ ಕೂತರೆ ನಿಮ್ಮದೇ ದನಿ ತಲೆಯೊಳಗಿಂದ ಬಂದಂತೆ ಕೇಳುತ್ತದೆ. ಬೆಳಿಗ್ಗೆ ಏಳಬೇಕಿದ್ದರೆ ಫೋನನ್ನು ವೈಬ್ರೇಷನ್ನಿಗೆ ಹಾಕಿ ದಿಂಬಿನಡಿ ಇಡಿ.

ಇಯರ್‌ಪ್ಲಗ್ ಹಾಕಿದ ಮೇಲೂ ಉಳಿಯುವ ಸದ್ದಿಗೆ ಫ್ಯಾನು ಅಥವಾ ಏಸಿಯ ಒಂದೇ ಸಮನೆಯ ಸದ್ದು ಮದ್ದು. ನಿದ್ದೆ ಕೆಡಿಸುವುದು ಬಹುಪಾಲು ಇದ್ದಕ್ಕಿದ್ದಂತೆ ಬರುವ ಕೂಗು, ಹಾರ್ನು. ಹಿನ್ನೆಲೆಯಲ್ಲಿ ಒಂದೇ ಸಮನೆ ಏನೋ ಕೇಳುತ್ತಿದ್ದರೆ ಅವು ಅಷ್ಟು ಎದ್ದು ಕೇಳುವುದಿಲ್ಲ. ಪರದೆಯಿಂದ ಸದ್ದು ನಿಲ್ಲುತ್ತದೆ ಎಂದು ನಂಬಬೇಡಿ, ಅದು ಬೆಳಕಿಗೆ ಮಾತ್ರ. ಪರದೆಯ ಸಂದಿಗೆ ಹ್ಯಾಂಗರಿನ ಕ್ಲಿಪ್ ಹಾಕಿ, ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಿ.

ಕುಡಿದರೆ ನಿದ್ದೆ ಬರುತ್ತದೆ ಅನ್ನುವುದು ಅರ್ಧ ಸತ್ಯ. ಬೇಗ ಬರುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಪದೇ ಪದೇ ಎಚ್ಚರವಾಗುತ್ತದೆ. ಅದೇ ಹೊತ್ತಿಗೆ ಕ್ಲಬ್ಬಿನ ಜನವೂ ಬೀದಿಗೆ ಬಂದಿರುತ್ತಾರೆ.

ಇಷ್ಟೆಲ್ಲಕ್ಕಿಂತ ಸುಲಭದ ದಾರಿಯೊಂದಿದೆ. ಬೀದಿಯ ಗಡಿಯಾರಕ್ಕೆ ಹೊಂದಿಕೊಳ್ಳಿ. ಸಂಜೆ ಒಂದು ಗಂಟೆ ಮಲಗಿ, ರಾತ್ರಿ ಸುತ್ತಾಡಿ, ಎರಡಕ್ಕೆ ಮಲಗಿ ಹತ್ತಕ್ಕೆ ಏಳಿ. ಇಂಥ ಏರಿಯಾಗಳಲ್ಲಿ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಎಷ್ಟು ನಿಶ್ಶಬ್ದ ಇರುತ್ತದೆ ಅಂದರೆ, ಬೇರೆ ಬಡಾವಣೆಗಳಲ್ಲೂ ಅಷ್ಟಿರುವುದಿಲ್ಲ. ಚೆಕ್-ಔಟ್ ಹನ್ನೊಂದಕ್ಕೋ ಹನ್ನೆರಡಕ್ಕೋ ಇರುವ ಹೋಟೆಲನ್ನೇ ಆರಿಸಿ, ಇಲ್ಲವೇ ಹಿಂದಿನ ಸಂಜೆಯೇ ಒಂದು ಗಂಟೆ ಜಾಸ್ತಿ ಕೇಳಿಕೊಳ್ಳಿ.

ಸಹಿಸಲಾಗದಿದ್ದರೆ

ಹಾಸಿಗೆಯಲ್ಲಿ ಹೊರಳಾಡುತ್ತಾ ಸಿಟ್ಟು ಮಾಡಿಕೊಳ್ಳುವುದಕ್ಕಿಂತ ರಿಸೆಪ್ಷನ್ನಿಗೆ ಫೋನ್ ಮಾಡಿ. ಸದ್ದು ಎಲ್ಲಿಂದ ಬರುತ್ತಿದೆ ಅಂತ ನಿಖರವಾಗಿ ಹೇಳಿ. ಪಕ್ಕದ ರೂಮಿನವರಾದರೆ ಅವರು ಹೋಗಿ ಹೇಳಬಹುದು, ನೀವೇ ಹೋಗಿ ಬಾಗಿಲು ತಟ್ಟಬೇಡಿ. ಬೀದಿಯದಾದರೆ ರೂಮು ಬದಲಿಸಲು ಕೇಳಿ. ಖಾಲಿ ಇಲ್ಲ ಅಂದರೆ ಮರುದಿನಕ್ಕಾದರೂ ಬರೆದಿಡಿಸಿ. ಅರ್ಧ ನಿಮಿಷದ ವಿಡಿಯೋ ತೆಗೆದಿಡಿ, ಗಂಟೆ ಕಾಣುವಂತೆ. ಹಣ ವಾಪಸ್ ಕೇಳುವುದಿದ್ದರೆ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಮಾತಾಡಿ. ಉಳಿದ ರಾತ್ರಿಗಳನ್ನು ಬಿಟ್ಟು ಹೋಗುವುದಾದರೆ ಅವರ ಒಪ್ಪಿಗೆಯನ್ನು ಸಂದೇಶದಲ್ಲೋ ಮೇಲ್‌ನಲ್ಲೋ ಪಡೆದೇ ಹೊರಡಿ. ಬಾಯಿಮಾತನ್ನು ಬುಕಿಂಗ್ ಕಂಪನಿಯವರು ಒಪ್ಪುವುದಿಲ್ಲ.

ಹೊರಡುವ ದಿನ

ಬಿಲ್ಲನ್ನು ಸಾಲು ಸಾಲಾಗಿ ಓದಿ. ಮುಂಗಡವಾಗಿ ಕಾರ್ಡಿನಲ್ಲಿ ಹಿಡಿದಿಟ್ಟ ಹಣವನ್ನು ಯಾವಾಗ ಬಿಡುತ್ತಾರೆ ಕೇಳಿ. ಡೆಬಿಟ್ ಕಾರ್ಡಾದರೆ ಅದು ಖಾತೆಗೆ ಮರಳಲು ಕೆಲವು ದಿನ ಹಿಡಿಯಬಹುದು. ವಿದೇಶದಲ್ಲಿ ಕಾರ್ಡ್ ಉಜ್ಜುವಾಗ ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ ಎಂದು ಮಷೀನು ಕೇಳಿದರೆ ಬೇಡ ಅನ್ನಿ. ಅಲ್ಲಿನ ಹಣದಲ್ಲೇ ಕಟ್ಟಿ, ಸಾಮಾನ್ಯವಾಗಿ ಅದೇ ಅಗ್ಗ. ವಿಮಾನ ರಾತ್ರಿಗಿದ್ದರೆ ಬ್ಯಾಗನ್ನು ಅಲ್ಲೇ ಬಿಟ್ಟು ಹೋಗಬಹುದಾ ಕೇಳಿ. ಬಹಳಷ್ಟು ಹೋಟೆಲುಗಳು ಇಟ್ಟುಕೊಳ್ಳುತ್ತವೆ, ಚೀಟಿ ಮಾತ್ರ ಪಡೆದುಕೊಳ್ಳಿ.

ಮನೆಗೆ ಬಂದ ಮೇಲೆ ಬಟ್ಟೆಗಳನ್ನು ನೇರ ಮಷೀನಿಗೆ ಹಾಕಿ. 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ, ಅಥವಾ ಡ್ರೈಯರಿನ ಜೋರು ಬಿಸಿಯಲ್ಲಿ ಅರ್ಧ ಗಂಟೆ ಇಟ್ಟರೆ ತಿಗಣೆಯೂ ಅದರ ಮೊಟ್ಟೆಯೂ ಸಾಯುತ್ತವೆ. ಸೂಟ್‌ಕೇಸನ್ನು ಮಂಚದಡಿ ತಳ್ಳುವ ಮೊದಲು ಅದರ ಹೊಲಿಗೆಗಳನ್ನೂ ಟಾರ್ಚ್ ಹಾಕಿ ನೋಡಿ.

ಮತ್ತೆ ಒಂದು ವಿಮರ್ಶೆ ಬರೆಯಿರಿ. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅಂತ ಬರೆದರೆ ಮುಂದಿನವರಿಗೆ ಏನೂ ಗೊತ್ತಾಗುವುದಿಲ್ಲ. ಯಾವ ಮಹಡಿ, ಬೀದಿ ಕಡೆಯಾ ಹಿಂಭಾಗವಾ, ಯಾವ ವಾರ ಇದ್ದಿರಿ, ಹಾಡು ಎಷ್ಟು ಗಂಟೆಗೆ ನಿಂತಿತು, ತುರ್ತು ದ್ವಾರ ತೆರೆದಿತ್ತಾ ಅಂತ ಬರೆಯಿರಿ.